ಸುನಂದ ಕಂಡ ಮುಕ್ತಿನಾಥ

ಮುಕ್ತಿನಾಥ ಹೇಗಿದೆ ಎಂದು ನನ್ನನ್ನು ಕೇಳಿ ಪ್ರಯೋಜನವಿಲ್ಲ, ನನ್ನ ಹೆಂಡತಿ ಸುನಂದಳನ್ನು ಕೇಳಬೇಕು. ಚನ್ನಪಟ್ಟಣದಿಂದ ಬೆಂಗಳೂರಿಗೆ ಎಷ್ಟು ದೂರವೋ ಅಷ್ಟೇ ದೂರ ಬಾಕಿ ಇದೆ ಎನ್ನುವಾಗ ನಿಂತುಬಿಟ್ಟವನು ನಾನು. ಹೊಂಗನೂರಿನಿಂದ ನೇಪಾಳದ ಗುಡ್ಡದವರೆಗೆ ಮೋಟಾರ್ ಸೈಕಲ್ ಕೊಂಡೊಯ್ದವನು ಕೊನೆಯ ಆ ಅರವತ್ತು ಕಿಲೋಮೀಟರ್ ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ರಸ್ತೆ ಕೆಟ್ಟಿತ್ತು ಎಂದಿದ್ದೇನೆ, ಮಂಡಿ ನೋವು ಎಂದಿದ್ದೇನೆ. ಇಲ್ಲಿ ಆದದ್ದನ್ನು ಆದ ಹಾಗೆ ಬರೆಯುತ್ತೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಬರವಣಿಗೆ. ಅಕ್ಷರ ತಪ್ಪಿದ್ದಲ್ಲಿ ಮಗಳು ತಿದ್ದಿದ್ದಾಳೆ, ವಿಷಯ ತಿದ್ದಲು ನಾನು ಬಿಟ್ಟಿಲ್ಲ.

ಹೊಂಗನೂರು

ನಮ್ಮದು ರೇಷ್ಮೆ. ಇಪ್ಪತ್ತೆರಡು ವರ್ಷದಿಂದ ನಾವಿಬ್ಬರೂ ಹುಳು ಸಾಕುತ್ತಿದ್ದೇವೆ. ಮನೆಯಲ್ಲಿ ಹುಳುವಿದ್ದರೆ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಹೊಸ್ತಿಲು ದಾಟುವ ಹಾಗಿಲ್ಲ. ಒಬ್ಬರು ನೆಂಟರ ಮದುವೆಗೆ ಹೋದರೆ ಇನ್ನೊಬ್ಬರು ಸೊಪ್ಪು ಹಾಕಬೇಕು. ಬೇಕಾದರೆ ನೋಡಿ, ಮದುವೆ ಫೋಟೋಗಳಲ್ಲಿ ನಾವಿಬ್ಬರೂ ಅಕ್ಕಪಕ್ಕ ನಿಂತಿರುವುದು ನಮ್ಮ ಮದುವೆಯದರಲ್ಲಿ ಮಾತ್ರ.

ಯಾರಿಗಾದರೂ ಒಪ್ಪಿಸಿ ಹೋಗಬಹುದಿತ್ತಲ್ಲ ಎನ್ನುತ್ತಾರೆ. ಒಪ್ಪಿಸಬಹುದಿತ್ತು. ಆದರೆ ನನ್ನ ಹುಳುವಿನ ಮನೆಯಲ್ಲಿ ಬೇರೆಯವರ ಕೈ ಬಿದ್ದಿಲ್ಲ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ನನ್ನ ಗೂಡನ್ನು ಹಿಡಿಯಲ್ಲಿ ಹಿಡಿದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವ ಮೊದಲೇ ಕೊಳ್ಳುವವರ ಮುಖ ಅರಳುತ್ತದೆ. ಅದನ್ನು ಕಳೆದುಕೊಳ್ಳಲು ನಾನು ತಯಾರಿರಲಿಲ್ಲ.

ಹಾಗಾಗಿ ನಮ್ಮ ಪ್ರವಾಸಗಳೆಲ್ಲ ಸೊಪ್ಪು ಹಾಸುತ್ತಲೇ ನಡೆಯುತ್ತಿದ್ದವು. ಹುಳುವಿನ ತಟ್ಟೆ ಜೋಡಿಸಿದ ಅಟ್ಟಣಿಗೆಯ ಆ ಕಡೆ ಅವಳು, ಈ ಕಡೆ ನಾನು. ಒಂದು ಬೆಳೆಯಲ್ಲಿ ಕನ್ಯಾಕುಮಾರಿ, ಇನ್ನೊಂದರಲ್ಲಿ ಗೋವಾ. ಗಾಡಿಯ ಹಿಂದೆ ಯಾವ ಬ್ಯಾಗು ಕಟ್ಟಬೇಕು, ಬೆಳಗಿನ ತಿಂಡಿ ಯಾವ ಊರಲ್ಲಿ ಎಂಬುದೂ ತೀರ್ಮಾನವಾಗುತ್ತಿತ್ತು. ಹುಳು ಹಣ್ಣಾಗಿ ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುವ ಗಡಿಬಿಡಿಯಲ್ಲಿ ಕನ್ಯಾಕುಮಾರಿಯೂ ಮರೆತುಹೋಗುತ್ತಿತ್ತು.

ಒಂದು ದಿನ ಹುಳುವಿನ ಕೆಳಗೆ ಹಾಸಿದ್ದ ಹಳೆಯ ಪೇಪರಿನಲ್ಲಿ ಅವಳು ಒಂದು ಚಿತ್ರ ಕಂಡಳು. ಬೋಳು ಗುಡ್ಡ, ಸಣ್ಣ ಗುಡಿ, ಹಿಂದೆ ಬಿಳಿ ಬೆಟ್ಟ. ಹಿಕ್ಕೆ ಕೊಡವಿ ಓದಿದಳು.

"ಮುಕ್ತಿನಾಥ ಅಂತೆ. ಇಲ್ಲಿಗೆ ಹೋಗಾವ ಕಣ್ರೀ."

"ಅದು ನೇಪಾಳ ಕಣೇ. ಬ್ಯಾರೆ ದೇಶ."

"ಹೋಗ್ದೇ ಇರೋ ಊರು ಹತ್ರ ಇದ್ರೇನು, ದೂರ ಇದ್ರೇನು?"

ಅವಳು ನಗುತ್ತಲೇ ಅಂದದ್ದು. ಆದರೂ ಆ ಮಾತು ನನಗೆ ಸೊಪ್ಪು ಕೊಯ್ಯುವಾಗ, ನೀರು ಕಟ್ಟುವಾಗ, ಉಣ್ಣುವಾಗ ಚುಚ್ಚುತ್ತಲೇ ಇತ್ತು. ಕೊನೆಗೆ ಬೇಸಿಗೆಯ ಒಂದು ಬೆಳೆ ಬಿಡುವುದೆಂದು ತೀರ್ಮಾನಿಸಿದೆ. ಮುಂದಿನ ಬೆಳೆಯ ಮರಿಹುಳು ಮನೆಗೆ ಬರುವ ದಿನ ಗೊತ್ತು ಮಾಡಿ, ಅದರ ಹಿಂದಿನ ಸಂಜೆಗೆ ಊರು ಸೇರುವ ಹಾಗೆ ಮಗಳ ಕೈಯಲ್ಲಿ ರೈಲು ಟಿಕೆಟ್ ಮಾಡಿಸಿದೆ. ಮನುಷ್ಯರು ಕಾಯುತ್ತಾರೆ, ಹುಳು ಕಾಯುವುದಿಲ್ಲ.

ಮಾರುಕಟ್ಟೆಯಲ್ಲಿ ಸುದ್ದಿ ಹಬ್ಬಿತು. ನಮ್ಮೂರಿನವನೇ ಆದ ಚಿಕ್ಕಣ್ಣ, ಅವನೂ ರೇಷ್ಮೆಯವನೇ, ಎಲ್ಲರೆದುರು ಕೇಳಿದ.

"ಸೊಪ್ಪು ಹೊರೋ ಗಾಡೀಲಿ ಹಿಮಾಲಯ ಹತ್ತೀಯೇನ್ಲಾ?"

"ಹತ್ತಿ ತೋರಿಸ್ತೀನಿ ನೋಡ್ಲಾ. ಗುಡಿ ಮುಂದೆ ಗಾಡಿ ನಿಲ್ಸಿ ಫೋಟೋ ತಗೊಂಡ್ ಬತ್ತೀನಿ."

"ಯಾವುದಾರ ಜೀಪ್ನಲ್ಲಿ ಹೋಗ್ಬುಟ್ಟು ಬಂದು ನಮ್ ಕಿವಿಗೆ ಹೂ ಮಡಗ್ಬ್ಯಾಡ ಮತ್ತೆ."

"ಜೀಪ್ ಹತ್ತಿದ್ರೆ ನನ್ನ ಹೆಸ್ರಿಟ್ಟು ಕರೀಬ್ಯಾಡ ಹೋಗ್ಲಾ!"

ಹೀಗೆ ಹತ್ತು ಜನರ ಮುಂದೆ ಮಾತು ಕೊಟ್ಟು ಹೊರಟೆ.

ಸುನೌಲಿ

ಪೆಟ್ರೋಲ್ ಖಾಲಿ ಮಾಡಿ, ಗೋಣಿತಾಟು ಸುತ್ತಿ, ನಮ್ಮ ನೂರೈವತ್ತು ಸಿಸಿ ಗಾಡಿಯನ್ನು ರೈಲಿಗೆ ಹಾಕಿದ್ದೆವು. ಗಡಿಗೆ ಹತ್ತಿರದ ಗೋರಖಪುರದಲ್ಲಿ ಇಳಿಸಿ ಗೋಣಿ ಬಿಚ್ಚಿದರೆ ಎಡಗಡೆಯ ಕನ್ನಡಿ ಇಲ್ಲ. ಉಳಿದ ಬಲಗಡೆಯದನ್ನು ಸುನಂದಳ ಮುಖ ಕಾಣುವ ಹಾಗೆ ತಿರುಗಿಸಿಕೊಂಡೆ. ಹಿಂದೆ ಬರುವ ಲಾರಿಗಳು ಬೇಕಾದರೆ ಹಾರನ್ ಮಾಡಿಕೊಳ್ಳಲಿ.

ಸುನೌಲಿಯ ಗಡಿ ಕಚೇರಿಯಲ್ಲಿ ನೇಪಾಳದೊಳಗೆ ಗಾಡಿ ಒಯ್ಯಲು ಚೀಟಿ ಮಾಡಿಸಬೇಕು. ಅರ್ಜಿ ಇಂಗ್ಲಿಷಿನಲ್ಲಿತ್ತು. ನಾನು ಮೂಗಿನ ಮೇಲೆ ಕನ್ನಡಕ ಏರಿಸಿ ಓದುವವನ ಹಾಗೆ ನಿಂತಿದ್ದೆ. ಎಸ್ಸೆಸ್ಸೆಲ್ಸಿ ಓದಿದ ಸುನಂದ ಕಾಗದ ನನ್ನ ಕೈಯಿಂದ ತೆಗೆದುಕೊಂಡು ತುಂಬಿದಳು. ಮಾತಿಗೆ ಮಾತ್ರ ನಾನೇ ಮುಂದೆ. ಮಾರುಕಟ್ಟೆಯಲ್ಲಿ ನೂಲು ತೆಗೆಯುವ ರೀಲರುಗಳ ಜೊತೆ ಚೌಕಾಸಿ ಮಾಡಿ ಕಲಿತ ಉರ್ದು ನೇಪಾಳದ ತುಂಬ ನಡೆಯಿತು.

ಗಡಿಯ ಕಮಾನು ದಾಟಿದ ಕೂಡಲೇ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದೆ.

"ಕಾಲು ಗಂಟೆ ಎಲ್ಲೋಯ್ತು?" ಎಂದಳು.

"ಲಾಸ್. ಬೇಗ ಹತ್ತು, ಹೊರಡಾವ."

ಇಡೀ ಪ್ರವಾಸದಲ್ಲಿ ನಾನು ಹೆಚ್ಚು ಸಲ ಆಡಿದ ಮಾತು ಅದೇ ಇರಬೇಕು. ಹೊರಡಾವ.

ತಾನ್ಸೇನ್

ಘಟ್ಟದ ಮೇಲಿನ ಈ ಊರಿನಲ್ಲಿ ಒಬ್ಬ ಮುದುಕರ ಅಂಗಳದ ಪಕ್ಕ ಚಹಾ ಕುಡಿಯಲು ನಿಲ್ಲಿಸಿದ್ದೆವು. ಸುನಂದ ಗ್ಲಾಸು ಹಿಡಿದವಳು ಹಾಗೇ ಮೇಲೆ ನೋಡುತ್ತಾ ನಿಂತಳು.

"ರೀ, ಇದು ನಮ್ಮ ಹಿಪ್ಪುನೇರಳೆ ಅಲ್ವಾ?"

ಹೌದು. ಆದರೆ ಮರ. ಎರಡಾಳೆತ್ತರಕ್ಕೂ ಮೀರಿದ, ಕೊಂಬೆಯ ಮೇಲೆ ಮಕ್ಕಳು ಕೂತ ಮರ. ನಾವು ಅದನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿ, ಚಿಗುರಿಸಿ, ಮತ್ತೆ ಕತ್ತರಿಸುವವರು. ಇಪ್ಪತ್ತೆರಡು ವರ್ಷ ಈ ಗಿಡದ ಜೊತೆ ಬದುಕಿದರೂ ಬಿಟ್ಟರೆ ಇದು ಇಷ್ಟೆತ್ತರ ಹೋಗುತ್ತದೆಂದು ಯೋಚಿಸಿರಲಿಲ್ಲ. ಮುದುಕರು "ಕಿಂಬು, ಕಿಂಬು" ಎಂದು ಕಪ್ಪು ಹಣ್ಣು ಬೊಗಸೆ ತುಂಬ ಕೊಟ್ಟರು. ಸೊಪ್ಪು ಏನು ಮಾಡುತ್ತೀರಿ ಎಂದು ಕೇಳಿದೆ. ಉದುರುತ್ತದೆ, ಗುಡಿಸುತ್ತೇವೆ ಎಂದರು. ನನಗೆ ಹೊಟ್ಟೆ ಉರಿಯಿತು.

ಸುನಂದ ಮರದ ಬುಡದಲ್ಲಿ ಕೂತು ಹಣ್ಣು ತಿಂದಳು. ತುಟಿ, ಬೆರಳು ಎಲ್ಲ ನೇರಳೆ. ಅವಳು ಕೆಲಸವಿಲ್ಲದೆ ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲಿರಬೇಕು. ಇನ್ನೂ ಒಂದು ಗಂಟೆ ಕೂತಿರುತ್ತಿದ್ದಳೇನೋ. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಘಾಸಾ

ಪೋಖರಾ ಬಿಟ್ಟು ಬೇನಿ ದಾಟಿದ ಮೇಲೆ ರಸ್ತೆ ಎಂದರೆ ಕಲ್ಲು, ಕೆಸರು, ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಾಳಿಗಂಡಕಿ ನದಿ. ನಮ್ಮ ಕಡೆಯ ಗುಡ್ಡಗಳು ಕೂತ ಆನೆಗಳ ಹಾಗೆ ಸುಮ್ಮನಿರುತ್ತವೆ. ಅಲ್ಲಿಯ ಗುಡ್ಡಗಳಿಗೆ ಸುಮ್ಮನಿರುವ ಅಭ್ಯಾಸವಿಲ್ಲ, ಸದಾ ಏನಾದರೂ ಉದುರಿಸುತ್ತಿರುತ್ತವೆ. ಎರಡು ಸಲ ಬಿದ್ದೆವು. ಎರಡನೇ ಸಲ ಸುನಂದ ಕೆಸರಿನಲ್ಲೇ ಕೂತು ನಕ್ಕಳು.

"ನಗ್ತೀಯಲ್ಲೇ, ಏಟಾಯ್ತಾ?"

"ಇಲ್ಲ. ಬೀಳೋಕಾದ್ರೂ ಇಬ್ರೂ ಜೊತೇಲಿ ಬಂದ್ವಲ್ಲ ಅಂತ ನಗು ಬಂತು."

ಘಾಸಾ ಎಂಬ ಹಳ್ಳಿ ಸೇರಿದಾಗ ಇನ್ನೂ ಬೆಳಕಿತ್ತು. ಅಲ್ಲಿಂದ ಮುಕ್ತಿನಾಥಕ್ಕೆ ಅರ್ಧ ದಿನದ ದಾರಿ. ಆದರೆ ಊರಾಚೆ ಹೆಚ್ಚೆಂದರೆ ಒಂದು ಕಿಲೋಮೀಟರಿಗೆ ಗುಡ್ಡ ಜಾರಿ ರಸ್ತೆಯ ಮೇಲೆ ಕೂತಿತ್ತು. ಜೆಸಿಬಿಯವನು ನಾಲ್ಕು ಬೆರಳು ತೋರಿಸಿದ. ನಾಲ್ಕು ದಿನ. ನಮಗಿದ್ದದ್ದು ಎರಡೇ. ಮೂರನೆಯ ದಿನ ಬೆಳಿಗ್ಗೆ ಘಾಸಾ ಬಿಡದಿದ್ದರೆ ರೈಲು ತಪ್ಪುತ್ತದೆ, ರೈಲು ತಪ್ಪಿದರೆ ಹುಳು ಬೀಗ ಹಾಕಿದ ಬಾಗಿಲಿಗೆ ಬರುತ್ತದೆ.

ನಾವು ಉಳಿದುಕೊಂಡ ಮನೆಯ ಒಡತಿ ಮಾಯಾ, ನಲವತ್ತರ ಹೆಂಗಸು. ನನ್ನನ್ನು ದಾಜು, ಅಂದರೆ ಅಣ್ಣ, ಎಂದು ಕರೆಯುತ್ತಿದ್ದಳು. ರಾತ್ರಿ ಊಟಕ್ಕೆ ಢಿಂಡೋ ಎಂದು ತಂದಿಟ್ಟದ್ದು ನೋಡಿದರೆ ರಾಗಿ ಹಿಟ್ಟು! ನಮ್ಮದೇ ಮುದ್ದೆ, ಗುಂಡಗೆ ಕಟ್ಟಿಲ್ಲ ಅಷ್ಟೇ. ಸುನಂದ ಅಡಿಗೆಮನೆಗೆ ಹೋಗಿ ಕೈ ಒದ್ದೆ ಮಾಡಿಕೊಂಡು ಉರುಳಿಸಿ ತೋರಿಸಿದಳು. ಮಾಯಾ ಅದನ್ನು ಚೆಂಡಿನ ಹಾಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ಆಕೆಯೇ ಉಪಾಯ ಹೇಳಿದಳು. ಕುಸಿದ ಜಾಗವನ್ನು ಜನ ನಡೆದು ದಾಟುತ್ತಾರೆ, ಆ ಕಡೆ ಬೆಳಿಗ್ಗೆ ಜೀಪು ಇರುತ್ತದೆ, ನಾಳೆ ಹೋದರೆ ನಾಡಿದ್ದು ಸಂಜೆಗೆ ವಾಪಸ್. ಗಾಡಿ ನನ್ನ ಅಂಗಳದಲ್ಲಿರಲಿ, ಯಾರೂ ಮುಟ್ಟುವುದಿಲ್ಲ ಎಂದಳು.

ಸುನಂದ ನನ್ನ ಮುಖ ನೋಡಿದಳು.

"ಗಾಡಿ ಇಲ್ಲೇ ಬುಟ್ಟು ಹೋಗಾವ ಕಣ್ರೀ."

"ಜೀಪ್ ಹತ್ತಕ್ಕೆ ಇಲ್ಲಿಗಂಟ ಗಾಡಿ ತಂದ್ನಾ? ಊರಲ್ಲಿ ಏನಂತ ಹೇಳಿ ಬಂದಿವ್ನಿ ಗೊತ್ತಾ?"

"ಗೊತ್ತು."

"ಮತ್ತೆ? ಗಾಡೀಲಿ ಹೋಗಕ್ಕಾದ್ರೆ ಹೋಗಾದು. ಇಲ್ದಿದ್ರೆ ಬ್ಯಾಡ. ಇನ್ನೊಂದ್ಸಲ ಬಂದ್ರಾಯ್ತು."

ಇನ್ನೊಂದು ಸಲ ಎಂಬ ಮಾತಿಗೆ ಬೆಲೆ ಎಷ್ಟೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಅವಳು ತಟ್ಟೆ ತೊಳೆದಿಟ್ಟು ಬಂದು ಮೆಲ್ಲಗೆ ಅಂದಳು.

"ಹೇಳಿ ಬಂದಿರೋರು ನೀವು. ನಾನು ಯಾರ್ಗೂ ಏನೂ ಹೇಳಿಲ್ವಲ್ಲ."

ಘಾಸಾ, ಮೊದಲನೆಯ ದಿನ

ಬೆಳಿಗ್ಗೆ ಅವಳು ಕೆಂಪು ಸ್ವೆಟರ್ ಹಾಕಿ, ಚನ್ನಪಟ್ಟಣದಲ್ಲಿ ಕೊಂಡ ಕ್ಯಾನ್ವಾಸ್ ಶೂ ಕಟ್ಟುತ್ತಿದ್ದಳು. ಅದೇ ಮನೆಯಲ್ಲಿ ಇಳಿದುಕೊಂಡಿದ್ದ ಮೂವರು ಮುದುಕಿಯರು, ಬಯಲು ಸೀಮೆಯ ನೇಪಾಳಿಗಳು, ಕೋಲು ಹಿಡಿದು ಬಾಗಿಲಲ್ಲಿ ಕಾಯುತ್ತಿದ್ದರು. ನನಗೆ ಬುದ್ಧಿ ಕಲಿಸಲು ನಾಟಕ ಮಾಡುತ್ತಿದ್ದಾಳೆ ಎಂದುಕೊಂಡೆ.

"ಹೋಗ್ಬತ್ತೀನಿ," ಎಂದಳು.

"ಹೋಗು," ಎಂದೆ.

ನಮ್ಮಲ್ಲಿ ಹೊರಟವರಿಗೆ ಹಾಗೆ ಹೇಳುವುದಿಲ್ಲ. ಹೋಗ್ಬಾ ಎನ್ನಬೇಕು. ಸಿಟ್ಟಿನಲ್ಲಿ ಬಾಯಿಂದ ಬಂದುಬಿಟ್ಟಿತು. ಅವಳು ಒಂದು ಗಳಿಗೆ ನಿಂತಳು, ನಾನು ಆ ಬಾ ಸೇರಿಸಲಿಲ್ಲ. ಹೋದಳು. ತಿರುವಿನಲ್ಲಿ ನಿಂತು ನೋಡಿದೆ. ಕುಸಿದ ಮಣ್ಣಿನ ಮೇಲೆ ಮೂರು ಬಿಳಿ ತಲೆ, ಒಂದು ಕೆಂಪು ಸ್ವೆಟರ್, ಇರುವೆಗಳ ಹಾಗೆ ಸಾಲಾಗಿ ಹತ್ತಿ ಆ ಕಡೆ ಇಳಿದುಹೋದವು. ಹಿಂತಿರುಗಿ ಬಂದು ಜೇಬಿಗೆ ಕೈ ಹಾಕಿದಾಗ ಗೊತ್ತಾಯಿತು, ನೇಪಾಳದ ಸಿಮ್ ಇದ್ದ ಒಂದೇ ಫೋನು ನನ್ನ ಹತ್ತಿರವೇ ಉಳಿದಿದೆ.

ಹತ್ತು ಗಂಟೆಗೆ ಗಾಡಿ ಹತ್ತಿ ಸುಮ್ಮನೆ ಊರ ಕೊನೆಯ ತನಕ ಹೋಗಿ ಬಂದೆ. ಹಿಂದೆ ಭಾರವಿಲ್ಲದ ಗಾಡಿ ಪ್ರತಿ ಕಲ್ಲಿಗೂ ಎಗರುತ್ತಿತ್ತು. ಕನ್ನಡಿಯಲ್ಲಿ ಬರೀ ರಸ್ತೆ. ಅಂಗಳದಲ್ಲಿ ನಿಲ್ಲಿಸಿ, ಸುಮ್ಮನೆ ಕೂರಲಾರದೆ, ಮಾಯಾಳ ಸೌದೆ ಒಡೆಯಲು ಶುರು ಮಾಡಿದೆ. ಒಡೆದೆ, ಗೋಡೆಗೆ ಒರಗಿಸಿ ಜೋಡಿಸಿದೆ, ಮತ್ತೆ ಒಡೆದೆ. ಮಾಯಾ ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ದಾಜು, ಹೆಂಡತಿ ಎರಡು ದಿನ ಹೋಗಿದ್ದಕ್ಕೆ ಇಷ್ಟು ಸೌದೆಯೇ? ನನ್ನ ಗಂಡ ಕತಾರಿಗೆ ಹೋಗಿ ಆರು ವರ್ಷ. ನಾನು ನಿನ್ನ ಹಾಗೆ ಶುರು ಮಾಡಿದ್ದರೆ ಈ ಗುಡ್ಡದಲ್ಲಿ ಒಂದು ಮರ ಇರುತ್ತಿರಲಿಲ್ಲ."

ಆಕೆ ನಕ್ಕು ಒಳಗೆ ಹೋದಳು. ನನಗೆ ನಗು ಬರಲಿಲ್ಲ. ಕೊಡಲಿ ಕೆಳಗಿಟ್ಟೆ. ಗಾಡಿಗೆ ಬೀಗ ಹಾಕಿ, ಕೀಯನ್ನು ಮಾಯಾಳ ಕೈಗೆ ಕೊಟ್ಟು, ಓಡುವ ಹಾಗೆ ನಡೆದೆ. ಕುಸಿತ ದಾಟುವಾಗ ಕಾಲು ಹೂತಿತು, ಕೈಯೂರಿ ಹತ್ತಿದೆ. ಆ ಕಡೆ ಇಳಿದಾಗ ಚಹಾ ಕಾಯಿಸುವ ಒಬ್ಬ ಅಜ್ಜ ಬಿಟ್ಟರೆ ಯಾರೂ ಇರಲಿಲ್ಲ.

"ಜೀಪು?"

"ಬೆಳಿಗ್ಗೆ ಹೋಯಿತು. ಮಧ್ಯಾಹ್ನ ಕಳೆದರೆ ಮೇಲ್ಗಡೆ ಗಾಳಿ ಜಾಸ್ತಿ. ಇನ್ನು ನಾಳೆಯೇ."

ನಾಳೆ ಹೊರಟರೆ ಅವಳು ಇಳಿದು ಬರುವ ಜೀಪು ನನಗೆ ಎದುರಾಗುತ್ತದೆ. ಹೆಮ್ಮೆ ಇಳಿಯಲು ನನಗೆ ಐದು ಗಂಟೆ ಹಿಡಿದಿತ್ತು, ಜೀಪಿಗೆ ಅಷ್ಟು ಪುರುಸೊತ್ತಿರಲಿಲ್ಲ. ಪೈನ್ ಮರಗಳ ನಡುವೆ ಹೋಗುವ ಆ ಖಾಲಿ ರಸ್ತೆಯನ್ನು ನೋಡುತ್ತಾ ಚಹಾ ಕುಡಿದೆ. ಕಣಿವೆಯ ಸಂದಿಯಲ್ಲಿ ಬಿಳಿ ಬೆಟ್ಟದ ಒಂದು ಚೂರು ಕಂಡಿತು. ಹೊದಿಕೆಯಿಂದ ಹೊರಗೆ ಬಂದ ಕಾಲಿನ ಹೆಬ್ಬೆರಳಿನಷ್ಟು. ನನ್ನ ಪಾಲಿಗೆ ಬಂದ ಹಿಮಾಲಯ ಅಷ್ಟೇ.

ಸಂಜೆ ಮಗಳು ಕನಕಪುರದಿಂದ ಫೋನ್ ಮಾಡಿದಳು. ಅಲ್ಲಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಅವಳು.

"ಅಪ್ಪ, ಅಮ್ಮಂಗೆ ಕೊಡಿ."

"ಸ್ನಾನಕ್ಕೋಗವ್ಳೆ."

ಅರ್ಧ ಗಂಟೆ ಬಿಟ್ಟು ಮತ್ತೆ ಮಾಡಿದಳು.

"ಇನ್ನೂ ಸ್ನಾನಾನಾ? ಏನಪ್ಪಾ, ಅಮ್ಮನ್ನ ಎಲ್ಲಿ ಬುಟ್ಟಿದ್ದೀರಾ?"

"ನಾನ್ ಬುಟ್ಟಿಲ್ಲ ಕಣವ್ವಾ," ಎಂದೆ. "ನಿಮ್ಮವ್ವನೇ ನನ್ನ ಬುಟ್ಟು ಹೋಗವ್ಳೆ."

ಘಾಸಾ, ಎರಡನೆಯ ದಿನ

ಮಧ್ಯಾಹ್ನದಿಂದಲೇ ಕುಸಿತದ ಈ ಕಡೆ ಒಂದು ಬಂಡೆಯ ಮೇಲೆ ಕೂತೆ. ಜೆಸಿಬಿಯವನು ಬೀಡಿ ಕೊಟ್ಟ. ಮದುವೆಯಾದಂದಿನಿಂದ ನಾನು ಅವಳಿಗಾಗಿ ಹೀಗೆ ಕಾದದ್ದಿಲ್ಲ. ತವರಿಗೆ ಹೋದರೂ ಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ ಅವಳೇ ಬಂದಿರುತ್ತಿದ್ದಳು. ಅಟ್ಟಣಿಗೆಯ ಆ ಕಡೆ ಅವಳಿದ್ದಾಳೆ ಎಂಬುದು ನನಗೆ ಗೋಡೆ ಇದೆ ಎಂಬಷ್ಟು ಖಾತ್ರಿ. ಗೋಡೆಯನ್ನು ಯಾರು ತಿರುಗಿ ನೋಡುತ್ತಾರೆ?

ಬಿಸಿಲು ಗುಡ್ಡದ ತುದಿಗೆ ಹೋದಾಗ ಕೆಂಪು ಸ್ವೆಟರ್ ಕಂಡಿತು. ಎದ್ದು ಹೋಗಿ ಕೈ ಹಿಡಿದು ಇಳಿಸಿದೆ. ಮುಖ ಗಾಳಿಗೆ ಒಡೆದಿತ್ತು, ತುಟಿಯೂ. ಕಣ್ಣು ಮಾತ್ರ ನಾನು ನೋಡಿರದ ಕಣ್ಣು. ಬ್ಯಾಗಿನಿಂದ ಒಣಗಿಸಿದ ಸೇಬಿನ ಪೊಟ್ಟಣ ತೆಗೆದು ನನ್ನ ಕೈಗಿಟ್ಟಳು.

"ಊಟ ಆಯ್ತಾ?"

"ಆಯ್ತು. ಹೆಂಗಿತ್ತು?"

"ಚೆನ್ನಾಗಿತ್ತು."

"ನಾನಿಲ್ದೇನಾ?"

ನನ್ನ ಸಮಾಧಾನಕ್ಕೆ ಒಂದು ಸುಳ್ಳು ಹೇಳುತ್ತಾಳೆ ಎಂದುಕೊಂಡೆ. ಅವಳು ಸ್ವಲ್ಪ ಯೋಚಿಸಿದಳು.

"ಹೂಂ. ನೀವಿಲ್ದೇನೂ ಚೆನ್ನಾಗಿತ್ತು."

ಇಳಿದು ಬರುವಾಗ

ಆ ಒಂದು ಮಾತನ್ನು ಹೊತ್ತು ಘಾಸಾದಿಂದ ಗಡಿಯ ತನಕ ಗಾಡಿ ಓಡಿಸಿದೆ. ಮುಕ್ತಿನಾಥದ ಬಗ್ಗೆ ಕೇಳಬೇಕು, ಕೇಳಲು ಬಾಯಿಲ್ಲ. ಪೋಖರಾ ದಾಟಿದ ಮೇಲೆ ಅವಳಾಗಿ ಹಿಂದಿನಿಂದ ಹೇಳತೊಡಗಿದಳು. ಹೆಲ್ಮೆಟ್ಟಿನೊಳಗೆ ಅರ್ಧ ಕೇಳುತ್ತದೆ, ಅರ್ಧ ಗಾಳಿ ಒಯ್ಯುತ್ತದೆ. ನಾನು ಮೂವತ್ತರ ಮೇಲೆ ವೇಗ ಏರಿಸಲಿಲ್ಲ.

ಅಲ್ಲಿ ಮರವೇ ಇಲ್ಲವಂತೆ. ಬೇಸಿಗೆಯಲ್ಲಿ ಉತ್ತು ಬಿಟ್ಟ ಹೊಲದ ಹಾಗೆ ಗುಡ್ಡ. ಗುಡಿಯ ಹಿಂದೆ ನೂರೆಂಟು ಕಡೆ ಲೋಹದ ಹಸುವಿನ ಬಾಯಿಂದ ನೀರು ಬೀಳುತ್ತದೆ, ಎಲ್ಲದಕ್ಕೂ ತಲೆ ಕೊಟ್ಟಳಂತೆ. ಮೂವರು ಮುದುಕಿಯರು ಅವಳನ್ನು ಉಜ್ಜಿ ಉಜ್ಜಿ ಬೆಚ್ಚಗೆ ಮಾಡಿದರಂತೆ.

"ಆಮ್ಯಾಕೆ?"

"ಆಮ್ಯಾಕೆ ಬಿಸಿಲಲ್ಲಿ ಕೂತ್ಕಂಡೆ. ಎದುರ್ಗೆ ಆ ಬಿಳಿ ಬೆಟ್ಟ."

"ಕೂತ್ಕಂಡು ಏನ್ ಮಾಡ್ದೆ?"

"ಏನೂ ಇಲ್ಲ. ಕೂತಿದ್ದೆ."

"ಎಷ್ಟೊತ್ತು?"

"ಯಾರಾರ ಹೊರಡಾವ ಅನ್ನೋವರ್ಗೂ ಕೂರಾವ ಅಂತಿದ್ದೆ. ಯಾರೂ ಅನ್ಲೇ ಇಲ್ಲ. ಹೊಟ್ಟೆ ಹಸೀತು, ಎದ್ದೆ."

ಗಾಡಿ ಪಕ್ಕಕ್ಕೆ ನಿಲ್ಲಿಸಿದೆ. ಯಾಕೆ ಎಂದಳು. ಚೈನ್ ನೋಡಬೇಕು ಎಂದೆ. ಚೈನ್ ಸರಿಯಾಗಿಯೇ ಇತ್ತು.

ಮತ್ತೆ ಹೊಂಗನೂರು

ಮರಿಹುಳು ಹೇಳಿದ ದಿನವೇ ಬಂತು. ನಾವೂ ಇದ್ದೆವು. ಮಾರುಕಟ್ಟೆಯಲ್ಲಿ ಚಿಕ್ಕಣ್ಣನಿಗೆ ಮಂಡಿ ನೋವಿನ ಕತೆ ಹೇಳಿದೆ. ಅವನು ನಂಬಿದ, ಅದಕ್ಕೇ ನನಗೆ ಹೆಚ್ಚು ನಾಚಿಕೆಯಾಯಿತು.

ಈಗ ಹುಳು ನಾಲ್ಕನೆಯ ಜ್ವರದಿಂದ ಎದ್ದಿದೆ, ಅಂದರೆ ಪೊರೆ ಬಿಟ್ಟು ಹಸಿದು ಕೂತಿದೆ. ಸಾವಿರಾರು ಬಾಯಿ ಒಟ್ಟಿಗೆ ಸೊಪ್ಪು ಕಡಿಯುವಾಗ ಮಳೆ ಬಂದ ಹಾಗೆ ಸದ್ದು. ಆ ಸದ್ದಿನ ನಡುವೆ ಸುನಂದ ಒಮ್ಮೊಮ್ಮೆ ಸೊಪ್ಪಿನ ಹೊರೆ ಹಿಡಿದವಳು ಹಾಗೇ ನಿಂತುಬಿಡುತ್ತಾಳೆ. ಎಲ್ಲಿಗೆ ಹೋಗಿದ್ದಾಳೆಂದು ನನಗೆ ಗೊತ್ತು. ಮೊದಲೆಲ್ಲ ಕನ್ಯಾಕುಮಾರಿಗಾಗಲಿ ಗೋವಾಕ್ಕಾಗಲಿ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದಳು. ಇಲ್ಲಿಗೆ ಒಬ್ಬಳೇ ಹೋಗುತ್ತಾಳೆ. ನನಗೆ ದಾರಿ ಗೊತ್ತಿಲ್ಲ.

ಮೊನ್ನೆ ಅವಳು ಹಾಗೆ ನಿಂತಿದ್ದಾಗ ಅಟ್ಟಣಿಗೆಯ ಈ ಕಡೆಯಿಂದ ಹೇಳಿದೆ.

"ನೀನ್ ಹೋದ ದಿನ ನಾನೂ ದಾಟಿ ಬಂದಿದ್ದೆ."

"ಎಲ್ಲಿಗೆ?"

"ಆ ಮಣ್ಣು ದಾಟಿ. ಗಾಡಿ ಮಾಯಾನ ಮನೇಲಿ ಬುಟ್ಟು. ಜೀಪ್ ಹೋಗ್ಬುಟ್ಟಿತ್ತು."

ಅವಳು ಬಗ್ಗಿ ಅಟ್ಟಣಿಗೆಯ ಸಂದಿಯಿಂದ ನನ್ನ ಮುಖ ನೋಡಿದಳು.

"ಯಾಕ್ ಹೇಳ್ಲಿಲ್ಲ ಮತ್ತೆ?"

"ಈಗ ಹೇಳ್ತಾ ಇವ್ನಲ್ಲ."

ಹುಳು ಮೇಯುತ್ತಿತ್ತು. ಅವಳು ಎರಡು ತಟ್ಟೆಗೆ ಸೊಪ್ಪು ಹಾಕಿ ಮುಗಿಸುವ ತನಕ ಕಾದೆ.

"ಸುನಂದಾ, ನನ್ನ ಒಂದ್ಸಲ ಅಲ್ಲಿಗೆ ಕರ್ಕೊಂಡ್ ಹೋಯ್ತೀಯಾ?"

"ಮನೇಲಿ ಹುಳ ಇದ್ರೆ?"

"ಚಿಕ್ಕಣ್ಣನ ಕೈಗೆ ಕೊಟ್ ಹೋಗಾವ."

ಅವಳ ಕೈ ನಿಂತಿತು. ನಾನು ಹಾಗೆ ಹೇಳುತ್ತೇನೆಂದು ನನಗೂ ಗೊತ್ತಿರಲಿಲ್ಲ.

"ದಾರಿ ಕುಸಿದಿದ್ರೆ ಜೀಪ್ನಲ್ಲಿ ಕೂರಿಸ್ತೀನಿ," ಎಂದಳು. "ಬತ್ತೀರಾ?"

"ಬತ್ತೀನಿ," ಎಂದೆ.